ಜೇನ್ನೊಣಗಳಿಗಾಗಿ ಕಾಡುಹೂ ಬಿತ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜ ಎರಚಿ ಮಳೆಗೆ ಕಾದವರಲ್ಲಿ ಬಹಳ ಮಂದಿಗೆ ಕೊನೆಗೆ ಸಿಗುವುದು ಹೂವಲ್ಲ, ಮೊಣಕಾಲುದ್ದದ ಹುಲ್ಲು. ತಪ್ಪು ಬೀಜದ್ದಲ್ಲ, ನೆಲದ ತಯಾರಿಯದು. ಅದಕ್ಕೇ ಇಲ್ಲಿ ಬೀಜಕ್ಕಿಂತ ಮಣ್ಣಿನ ಮಾತು ಹೆಚ್ಚು.

ಜೇನ್ನೊಣಗಳು ನಿಜಕ್ಕೂ ಕಡಿಮೆಯಾಗುತ್ತಿವೆಯೇ, ಇಲ್ಲ ಇದು ಬರೀ ಗುಲ್ಲೇ?

ಎರಡು ವಿಷಯ ಒಂದರೊಳಗೊಂದು ಬೆರೆತುಹೋಗಿವೆ, ಬಿಡಿಸಿ ನೋಡಬೇಕು. ಪೆಟ್ಟಿಗೆಯಲ್ಲಿ ಸಾಕುವ ಜೇನು ಕುಟುಂಬಗಳ ಸಂಖ್ಯೆ ಇಡೀ ಜಗತ್ತಿನ ಲೆಕ್ಕದಲ್ಲಿ 1961ರಿಂದೀಚೆಗೆ ಏರಿದೆ. 2006ರಲ್ಲಿ ಅಮೆರಿಕದಲ್ಲಿ ಕೆಲಸಗಾರ ನೊಣಗಳು ರಾಣಿಯನ್ನೂ ಮರಿಗಳನ್ನೂ ಬಿಟ್ಟು ಕಾಣೆಯಾಗತೊಡಗಿದ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಅದು ಸಾಕು ಜೇನಿನ ಕಷ್ಟ. ಸದ್ದಿಲ್ಲದೆ ಸೊರಗುತ್ತಿರುವುದು ಸಾಕದ ಜೇನುಗಳು. ಜೇನಿನ ಬಳಗದಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಜ್ಜೇನು, ತುಡುವೆ, ಕೋಲುಜೇನುಗಳಂತೆ ಎರಿ ಕಟ್ಟಿ ತುಪ್ಪ ಕೂಡಿಡುವ ಏಪಿಸ್ ಕುಲದವು ಅದರಲ್ಲಿ ಹತ್ತರ ಆಸುಪಾಸು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಒಂಟಿ ಜೇನುಗಳು: ರಾಣಿಯಿಲ್ಲ, ಗೂಡಿನ ಗದ್ದಲವಿಲ್ಲ, ಒಬ್ಬೊಬ್ಬ ತಾಯಿಯೂ ತನ್ನದೇ ಪುಟ್ಟ ಬಿಲ ತೋಡಿ ಮೊಟ್ಟೆಯಿಡುತ್ತಾಳೆ. ಇವು ಇಲ್ಲವಾದರೆ ಸುದ್ದಿಯಾಗುವುದಿಲ್ಲ. ಒಂಟಿಯಲ್ಲದಿದ್ದರೂ ಸಾಕದ ಜೇನೇ ಆದ ಅಮೆರಿಕದ ಫ್ರಾಂಕ್ಲಿನ್ ಬಂಬಲ್‌ಬೀ 2006ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ.

ಕಾರಣ ಒಂದಲ್ಲ. ಹೂವಿನ ಬಯಲು ಅಳಿದದ್ದು, ಕೀಟನಾಶಕ, ಸಾಕು ಜೇನಿನಿಂದ ಹರಡುವ ರೋಗ, ಹವಾಮಾನದ ಏರುಪೇರು, ಎಲ್ಲ ಸೇರಿ ಹೊಡೆಯುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಿಂದ 1980ರ ದಶಕದ ಹೊತ್ತಿಗೆ ಹೂ ತುಂಬಿದ ಹುಲ್ಲುಗಾವಲುಗಳಲ್ಲಿ ಶೇ 97ರಷ್ಟು ಇಲ್ಲವಾದವು. ನಾವು ನೀವು ಕೈಯಾರೆ ತುಸುವಾದರೂ ಸರಿಪಡಿಸಬಹುದಾದದ್ದು ಇದೊಂದನ್ನೇ.

ಹಾಗಾದರೆ ಒಂದು ಜೇನುಪೆಟ್ಟಿಗೆ ಇಟ್ಟರೆ ಸಾಲದೇ?

ಸಾಲದು ಮಾತ್ರವಲ್ಲ, ಹೂವು ಕಡಿಮೆ ಇರುವ ಕಡೆ ಅದು ತಿರುಗುಬಾಣವೂ ಆಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಹತ್ತಾರು ಸಾವಿರ ನೊಣಗಳು. ಅಷ್ಟೂ ಒಂಟಿ ಜೇನುಗಳ ತಟ್ಟೆಗೇ ಕೈಹಾಕುತ್ತವೆ. ಜೇನು ಸಾಕಣೆ ಒಳ್ಳೆಯ ಕಸುಬು, ಆದರೆ ಕಾಡು ಜೇನನ್ನು ಉಳಿಸಲು ಪೆಟ್ಟಿಗೆ ಇಡುವುದೆಂದರೆ ಕಾಡುಹಕ್ಕಿ ಉಳಿಸಲು ಕೋಳಿ ಸಾಕಿದಂತೆ. ಮೊದಲು ಹೂವು, ಆಮೇಲೆ ಬೇಕಿದ್ದರೆ ಪೆಟ್ಟಿಗೆ.

ಎಂಥ ಹೂಗಳನ್ನು ಆರಿಸಬೇಕು?

ನಿಮ್ಮ ಸುತ್ತಲ ಬೇಲಿ, ದಿಣ್ಣೆ, ಪಾಳು ನೆಲದಲ್ಲಿ ಯಾರೂ ನೀರುಣಿಸದೆ ತಾನಾಗಿ ಹೂ ಬಿಡುವ ನಾಟಿ ಗಿಡಗಳೇ ಮೊದಲ ಆಯ್ಕೆ. ಆ ನೆಲದ ಜೇನುಗಳೂ ಅವೂ ಒಂದಕ್ಕೊಂದು ಒಗ್ಗಿಕೊಂಡಿರುತ್ತವೆ. ಹೂಗಳ ಮೇಲೆ ಹತ್ತು ನಿಮಿಷ ಕಣ್ಣಿಟ್ಟರೆ ಪಟ್ಟಿ ತಾನೇ ಸಿದ್ಧವಾಗುತ್ತದೆ. ಬಿಸಿ ನಾಡಿನಲ್ಲಿ ತುಂಬೆ, ತುಳಸಿ, ಕಾಮಕಸ್ತೂರಿ, ಲಕ್ಕಿ, ತಂಗಡಿ, ಮುಟ್ಟಿದರೆ ಮುನಿಗಳ ಸುತ್ತ ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ. ಇವುಗಳಲ್ಲಿ ಮುಟ್ಟಿದರೆ ಮುನಿ ಹೊರಗಿನಿಂದ ಬಂದು ನೆಲೆಯೂರಿದ ಗಿಡ. ಈಗಾಗಲೇ ಇದ್ದರೆ ಇರಲಿ, ಹೊಸದಾಗಿ ಬಿತ್ತುವುದು ಬೇಡ.

ಆರಿಸುವಾಗ ಮೂರು ಸಂಗತಿ ಗಮನದಲ್ಲಿರಲಿ. ಮೊದಲನೆಯದು ಹೂವಿನ ಆಕಾರ. ಜೇನುಗಳ ನಾಲಿಗೆ ಒಂದೇ ಉದ್ದದ್ದಲ್ಲ. ಸಣ್ಣ ನಾಲಿಗೆಯವಕ್ಕೆ ಸೇವಂತಿಗೆ, ಸೂರ್ಯಕಾಂತಿ ಬಳಗದ ತೆರೆದ ಹೂ ಬೇಕು, ಉದ್ದ ನಾಲಿಗೆಯವು ತುಂಬೆ, ತುಳಸಿ ಬಳಗದ ಕೊಳವೆ ಹೂವಿಗೂ ಅವರೆ, ಸೆಣಬಿನಂಥ ದ್ವಿದಳ ಹೂವಿಗೂ ಬರುತ್ತವೆ. ಈ ಮೂರೂ ಬಗೆ ಇದ್ದರೆ ಸಣ್ಣದು ದೊಡ್ಡದು ಎಲ್ಲಕ್ಕೂ ಉಣಿಸಿದಂತೆ.

ಎರಡನೆಯದು ಕಾಲ. ಒಂದೇ ತಿಂಗಳು ಹೂವಿನ ಜಾತ್ರೆಯಾಗಿ ಉಳಿದ ಹನ್ನೊಂದು ತಿಂಗಳು ಉಪವಾಸವಾದರೆ ಪ್ರಯೋಜನವಿಲ್ಲ. ಜೇನು ಹಾರಾಡುವ ಪ್ರತಿ ತಿಂಗಳಲ್ಲೂ ಕನಿಷ್ಠ ಮೂರು ಜಾತಿ ಹೂ ಬಿಡುವಂತೆ ಪಟ್ಟಿ ಮಾಡಿ. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಗೆರೆ ಎಳೆದು ಗಿಡಗಳ ಹೆಸರು ತುಂಬಿಸಿದರೆ ಖಾಲಿ ತಿಂಗಳು ಎದ್ದು ಕಾಣುತ್ತದೆ. ಆ ತಿಂಗಳಿಗೆ ಪೊದೆಯೋ ಮರವೋ ಬೇಕಾಗಬಹುದು. ಹೂಬಿಟ್ಟ ಒಂದು ಹೊಂಗೆ ಮರ ಇಡೀ ಪಾತಿಗೆ ಸಮ.

ಮೂರನೆಯದು ಗುಂಪಾಗಿ ಬೆಳೆಸುವುದು. ಹೊರಟ ಜೇನು ಒಂದು ಸುತ್ತಿನಲ್ಲಿ ಹೆಚ್ಚಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ. ಇಲ್ಲೊಂದು ಅಲ್ಲೊಂದು ಗಿಡ ಇಟ್ಟರೆ ಅದಕ್ಕೆ ಅಲೆದಾಟವೇ ಹೆಚ್ಚು. ಒಂದು ಜಾತಿಗೆ ಒಂದು ಚದರ ಮೀಟರ್‌ನಷ್ಟಾದರೂ ಒಟ್ಟಾಗಿ ಕೊಡಿ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೇನಿಗೆ ನೀಲಿ, ಹಳದಿ, ನೇರಳಾತೀತ ಬಣ್ಣ ಚೆನ್ನಾಗಿ ಕಾಣುತ್ತದೆ, ಅಪ್ಪಟ ಕೆಂಪು ಕಾಣುವುದಿಲ್ಲ. ಜೇನಿನ ಬಣ್ಣದ ನೋಟವನ್ನೂ ಕುಣಿತದ ಭಾಷೆಯನ್ನೂ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಹಂಚಿಕೊಂಡರು.

ದುಂಡು ದುಂಡಾಗಿ ಎಸಳು ತುಂಬಿದ ಹೂಗಳಿಗೆ ಜೇನು ಏಕೆ ಬರುವುದಿಲ್ಲ?

ಅಲ್ಲಿ ಉಣ್ಣಲು ಏನೂ ಇಲ್ಲದ್ದರಿಂದ. ಅಂದಕ್ಕಾಗಿ ತಳಿ ತಿದ್ದಿದ ಸುತ್ತುಎಸಳಿನ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಪರಾಗ ಇಲ್ಲ, ಇದ್ದರೂ ಎಸಳಿನ ಗೋಡೆ ದಾಟಿ ಹೋಗಲಾಗದು. ನಡುವಿನ ಕೇಸರ ಕಣ್ಣಿಗೆ ಕಾಣುವ ಒಂಟಿ ಸುತ್ತಿನ ತಳಿಯನ್ನೇ ಆರಿಸಿ. ಪರಾಗವಿಲ್ಲದ ಸೂರ್ಯಕಾಂತಿ ತಳಿಗಳೂ ಇವೆ, ಹೂಗುಚ್ಛದವರಿಗಾಗಿ ಮಾಡಿದ್ದು. ನೋಟಕ್ಕೆ ವ್ಯತ್ಯಾಸ ತಿಳಿಯದು, ಚೀಟಿ ಓದಬೇಕು.

"ಕಾಡುಹೂ ಮಿಶ್ರಣ" ಎಂದು ಮಾರುವ ಪ್ಯಾಕೆಟ್ ಕೊಳ್ಳಬಹುದೇ?

ಒಳಗೆ ಯಾವ ಯಾವ ಬೀಜ, ಎಷ್ಟೆಷ್ಟು ಪಾಲು ಎಂದು ಬರೆದಿದ್ದರೆ ಮಾತ್ರ. ಹೆಸರಿಲ್ಲದ ಮಿಶ್ರಣದಲ್ಲಿ ಪರದೇಶದ ಗಿಡ ಬಂದು ಕಳೆಯಾಗಿ ಹಬ್ಬುವ ಅಪಾಯವಿದೆ, ಇಲ್ಲವೇ ತೂಕ ತುಂಬಲು ಹುಲ್ಲುಬೀಜ ಸೇರಿರುತ್ತದೆ. ಇನ್ನೊಂದು ಕಾಟ: ಚಳಿ ದೇಶದ ಹೂಗಳ ಎಷ್ಟೋ ಬೀಜಗಳು ವಾರಗಟ್ಟಲೆ ತಂಪಿನಲ್ಲಿ ನೆನೆಯದೆ ಮೊಳೆಯುವುದೇ ಇಲ್ಲ. ಬಿಸಿ ನಾಡಿನಲ್ಲಿ ಅವನ್ನು ಬಿತ್ತಿ ಬೀಜ ಕೆಟ್ಟದ್ದೆಂದು ಬೈದು ಫಲವಿಲ್ಲ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜಕ್ಕೆ ಸಾಮಾನ್ಯವಾಗಿ ಔಷಧ ಲೇಪಿಸಿರುತ್ತದೆ. ಅದರಲ್ಲಿ ಕೀಟನಾಶಕವೂ ಇದ್ದೀತು. ಅಂಥದ್ದನ್ನು ಮುಟ್ಟಲೇಬೇಡಿ.

ಎಷ್ಟು ಜಾಗ ಬೇಕು? ಕುಂಡ ಮಾತ್ರ ಇದ್ದರೆ?

ಒಂದು ಕುಂಡಕ್ಕೂ ಗಿರಾಕಿ ಸಿಗುತ್ತಾರೆ. ತುಡುವೆ, ಹೆಜ್ಜೇನು ಕಿಲೋಮೀಟರ್‌ಗಟ್ಟಲೆ ಹಾರಿ ಬರಬಲ್ಲವು. ಸಣ್ಣ ಒಂಟಿ ಜೇನುಗಳಿಗೆ ಗೂಡಿನಿಂದ ಕೆಲವು ನೂರು ಮೀಟರ್ ದೂರವೇ ಹೆಚ್ಚು, ಹಾಗಾಗಿ ದೂರದ ದೊಡ್ಡ ಬಯಲಿಗಿಂತ ಹತ್ತಿರ ಹತ್ತಿರದ ಚಿಕ್ಕ ತುಂಡುಗಳು ಅವಕ್ಕೆ ಹೆಚ್ಚು ಒದಗುತ್ತವೆ. ಕುಂಡ 25 ಸೆಂ.ಮೀ. ಆಳವಾದರೂ ಇರಲಿ, ತಳದಲ್ಲಿ ತೂತಿರಲಿ, ಬಿಸಿಲು ದಿನಕ್ಕೆ 6 ಗಂಟೆ ಬೀಳಲಿ. ಮೂರು ಭಾಗ ತೋಟದ ಮಣ್ಣಿಗೆ ಒಂದು ಭಾಗ ಮರಳು, ಒಂದು ಭಾಗ ಹಳೆಯ ಎಲೆಗೊಬ್ಬರ. ಒಂದು ಕುಂಡಕ್ಕೆ ಒಂದೇ ಜಾತಿ, ಕುಂಡಗಳು ಒತ್ತೊತ್ತಾಗಿ.

ಯಾವಾಗ ಬಿತ್ತಬೇಕು?

ಮುಂಗಾರಿನಂತೆ ಮಳೆಗಾಲವಿರುವ ಕಡೆ ಮೊದಲ ಎರಡು ಹದವಾದ ಮಳೆ ಬಿದ್ದು ಕಳೆ ಮೊಳೆತ ಮೇಲೆ, ಅದನ್ನು ಕೆರೆದು ತೆಗೆದು ಬಿತ್ತಿ. ಬಿರುಮಳೆಯ ವಾರದಲ್ಲಿ ಬಿತ್ತಿದರೆ ಬೀಜವೆಲ್ಲ ಕೊಚ್ಚಿ ಒಂದು ಮೂಲೆ ಸೇರುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಶರತ್ಕಾಲದ ಬಿತ್ತನೆ ಒಳ್ಳೆಯದು. ಚಳಿಯೇ ಬೀಜದ ನಿದ್ದೆ ಕೆಡಿಸುತ್ತದೆ.

ನೆಲ ಹೇಗೆ ಸಿದ್ಧಮಾಡಬೇಕು?

ಕೆಲಸವೆಲ್ಲ ಇಲ್ಲೇ ಇದೆ. ಬಿತ್ತುವುದು ಅರ್ಧ ಗಂಟೆಯದು, ಇದು ಎರಡು ತಿಂಗಳದು.

ಯಾವುದೇ ಮಣ್ಣಿನಲ್ಲಿ ಹಳೆಯ ಕಳೆಬೀಜದ ದಾಸ್ತಾನು ಇದ್ದೇ ಇರುತ್ತದೆ. ಆಳವಾಗಿ ಅಗೆದರೆ ಕೆಳಗೆ ಮಲಗಿದ್ದ ಬೀಜಗಳನ್ನು ಬೆಳಕಿಗೆ ತಂದು ಎಬ್ಬಿಸಿದಂತೆ. ಆದ್ದರಿಂದ ಈಗಿರುವ ಕಳೆಯನ್ನು ಬೇರುಸಮೇತ ಕಿತ್ತ ಮೇಲೆ ಮತ್ತೆ ಆಳಕ್ಕೆ ಹೋಗಬೇಡಿ. ಮೇಲಿನ 2-3 ಸೆಂ.ಮೀ. ಮಾತ್ರ ಸಡಿಲಿಸಿ, ನೀರು ಹಾಯಿಸಿ, ಎರಡು ಮೂರು ವಾರ ಬಿಡಿ. ಕಳೆ ಹಸಿರಾಗಿ ಏಳುತ್ತದೆ. ಎರಡೆಲೆ ಇರುವಾಗಲೇ, ಬಿಸಿಲಿರುವ ದಿನ, ಕಳೆಗುದ್ದಲಿಯಿಂದ ಮೇಲ್ಮೇಲೆ ಕೆರೆದು ಅಲ್ಲೇ ಒಣಗಲು ಬಿಡಿ. ಮತ್ತೆ ನೀರು, ಮತ್ತೆ ಕೆರೆತ. ಎರಡು ಸುತ್ತು ಕಡ್ಡಾಯ, ಮೂರಾದರೆ ಮುಂದೆ ನೆಮ್ಮದಿ.

ಬಿರುಬಿಸಿಲಿನ ನಾಡಾದರೆ ಬಿಸಿಲಿಗೇ ಈ ಕೆಲಸ ಒಪ್ಪಿಸಬಹುದು. ನೆಲ ಸಮಮಾಡಿ, 30 ಸೆಂ.ಮೀ. ಆಳಕ್ಕೆ ನೆನೆಯುವಂತೆ ನೀರುಣಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹಾಸಿ, ಅಂಚನ್ನು ಸುತ್ತಲೂ ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಡಿ. ವರ್ಷದ ಅತಿ ಬಿಸಿಯ ತಿಂಗಳುಗಳೇ ಆಗಬೇಕು. ಕಪ್ಪು ಹಾಳೆ ಇದಕ್ಕೆ ಬರುವುದಿಲ್ಲ. ಅದು ತಾನೇ ಬಿಸಿಯಾಗುತ್ತದೆ, ಪಾರದರ್ಶಕ ಹಾಳೆಯಷ್ಟು ಮಣ್ಣನ್ನು ಕಾಯಿಸುವುದಿಲ್ಲ. ಒಂದು ಎಚ್ಚರಿಕೆ: ಗರಿಕೆ, ಜೇಕಿನ ಗಡ್ಡೆಗಳು ಇದಕ್ಕೂ ಬಗ್ಗುವುದಿಲ್ಲ. ಅವಿದ್ದರೆ ಕೈಯಿಂದ ಹೆಕ್ಕಿ ತೆಗೆಯಬೇಕು, ಇಲ್ಲವೇ ದಪ್ಪ ಕಪ್ಪು ಟಾರ್ಪಾಲು ಹೊದಿಸಿ ಇಡೀ ಒಂದು ಬೆಳೆಗಾಲ ಬೆಳಕಿಲ್ಲದಂತೆ ಕೂಡಿಹಾಕಬೇಕು. ನೆಲದಲ್ಲಿ ಈಗಾಗಲೇ ಜೇನಿನ ಬಿಲಗಳಿದ್ದರೆ ಆ ತುಂಡಿಗೆ ಹಾಳೆಯೂ ಬೇಡ, ಗುದ್ದಲಿಯೂ ಬೇಡ.

ಗೊಬ್ಬರ ಎಷ್ಟು ಹಾಕಲಿ?

ಹಾಕಬೇಡಿ. ಫಲವತ್ತಾದ ಮಣ್ಣಿನಲ್ಲಿ ಹುಲ್ಲು ಕೊಬ್ಬಿ ಹೂಗಿಡದ ನೆತ್ತಿ ಮುಚ್ಚುತ್ತದೆ. ಹೂಗಿಡಗಳೂ ಸೊಪ್ಪಾಗಿ ಬೆಳೆದು ಅಡ್ಡಬೀಳುತ್ತವೆ. ವರ್ಷಗಟ್ಟಲೆ ಗೊಬ್ಬರ ಉಂಡ ತರಕಾರಿ ಪಾತಿಯೇ ನಿಮಗಿರುವ ಜಾಗವಾದರೆ ಮೇಲಿನ 5-10 ಸೆಂ.ಮೀ. ಮಣ್ಣು ಕೆರೆದು ಬೇರೆಡೆ ಬಳಸಿ, ಕೆಳಗಿನ ಬಡ ಮಣ್ಣಿಗೆ ಬಿತ್ತಿ. ಕುಂಡಕ್ಕೆ ಹಾಕುವ ಆ ಒಂದು ಪಾಲು ಎಲೆಗೊಬ್ಬರ ನೀರು ಹಿಡಿದಿಡುವುದಕ್ಕಷ್ಟೇ.

ಇರುವ ಹುಲ್ಲಿನ ಮೇಲೇ ಬೀಜ ಚೆಲ್ಲಿದರೆ?

ಹಕ್ಕಿಗಳಿಗೆ ಊಟ. ಬೀಜ ಬರೀ ಮಣ್ಣನ್ನು ಮುಟ್ಟಲೇಬೇಕು. ಪೂರ್ತಿ ತೆಗೆಯಲಾಗದಿದ್ದರೆ ಹುಲ್ಲಿನ ನಡುವೆ ಅಲ್ಲಲ್ಲಿ ಅರ್ಧ ಮೀಟರ್ ಅಗಲದ ತುಂಡುಗಳನ್ನು ಬೋಳಿಸಿ, ಬೇರೆಡೆ ಬೆಳೆಸಿದ ನಾಲ್ಕಾರು ಎಲೆಯ ಸಸಿ ನೆಡಿ. ಯೂರೋಪಿನಲ್ಲಿ ಇದಕ್ಕೆ ಯೆಲ್ಲೋ ರ‍್ಯಾಟಲ್ ಎಂಬ ಗಿಡ ಬಿತ್ತುತ್ತಾರೆ. ಅದು ಹುಲ್ಲಿನ ಬೇರಿಗೆ ತನ್ನ ಬೇರು ಚುಚ್ಚಿ ಸಾರ ಹೀರಿ ಹುಲ್ಲನ್ನು ಸೊರಗಿಸುತ್ತದೆ, ಸಂದಿಯಲ್ಲಿ ಹೂಗಿಡಗಳು ತಲೆಯೆತ್ತುತ್ತವೆ.

ಬೀಜದ ಪ್ರಮಾಣ ಎಷ್ಟು?

ಸಣ್ಣ ಬೀಜಗಳ ಮಿಶ್ರಣಕ್ಕೆ ಚದರ ಮೀಟರ್‌ಗೆ 3 ಗ್ರಾಂ, ಹೆಚ್ಚೆಂದರೆ 5. ನೋಡಲು ತೀರ ಕಡಿಮೆ ಅನಿಸುತ್ತದೆ, ಕೈ ತಾನಾಗಿ ಇನ್ನೊಂದು ಹಿಡಿ ಎತ್ತುತ್ತದೆ; ತಡೆದುಕೊಳ್ಳಿ. ತುಳಸಿಯಂಥ ಬೀಜ ಗ್ರಾಂಗೆ ಸಾವಿರಕ್ಕೂ ಹೆಚ್ಚು ಬರುತ್ತದೆ. ದಟ್ಟವಾಗಿ ಬಿದ್ದರೆ ಸಸಿಗಳು ನೀಳವಾಗಿ ಬಡಕಲಾಗಿ ಎದ್ದು, ಬುಡ ಕೊಳೆತು ಗುಂಪಾಗಿ ಒರಗುತ್ತವೆ. ಸೂರ್ಯಕಾಂತಿಯಂಥ ದಪ್ಪ ಬೀಜವನ್ನು ಮಿಶ್ರಣಕ್ಕೆ ಸೇರಿಸದೆ 30 ಸೆಂ.ಮೀ. ಅಂತರದಲ್ಲಿ ಬೇರೆಯಾಗಿ ಊರಿ.

ಮೊದಲು ಮೊಳಕೆ ಪರೀಕ್ಷೆ ಮಾಡಿ. ಪ್ರತಿ ಜಾತಿಯ 20 ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಆರದಂತೆ ಮುಚ್ಚಿಟ್ಟು 10 ದಿನ ನೋಡಿ. 15ಕ್ಕಿಂತ ಹೆಚ್ಚು ಮೊಳೆತರೆ ಮೇಲಿನ ಲೆಕ್ಕವೇ ಸಾಕು. ಹತ್ತೇ ಮೊಳೆತರೆ ಪ್ರಮಾಣ ಒಂದೂವರೆ ಪಟ್ಟು. ಐದಕ್ಕಿಂತ ಕಡಿಮೆಯಾದರೆ ಒಂದೋ ಬೀಜ ಹಳೆಯದು, ಇಲ್ಲವೇ ಅದರ ನಿದ್ದೆ ಕೆಡಿಸಬೇಕು.

ಬಿತ್ತುವ ಕ್ರಮ ಹೇಳಿ.

10 ಚದರ ಮೀಟರ್ ಎಂದು ಇಟ್ಟುಕೊಳ್ಳೋಣ. 30 ಗ್ರಾಂ ಬೀಜಕ್ಕೆ ಸುಮಾರು 150 ಗ್ರಾಂ ಒಣ ಮರಳು ಬೆರೆಸಿ. ಮರಳು ಎರಡು ಕೆಲಸ ಮಾಡುತ್ತದೆ: ಬೀಜ ಸಮನಾಗಿ ಹರಡುತ್ತದೆ, ಎಲ್ಲಿ ಬಿತ್ತಿದ್ದಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮಿಶ್ರಣವನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ನಡೆಯುತ್ತ ಎರಚಿ. ಗಾಳಿಯಿಲ್ಲದ ಹೊತ್ತು ನೋಡಿಕೊಳ್ಳಿ. ಪಾತ್ರೆಯನ್ನು ಆಗಾಗ ಕಲಕದಿದ್ದರೆ ಸಣ್ಣ ಬೀಜ ತಳಕ್ಕಿಳಿಯುತ್ತದೆ.

ಮಣ್ಣು ಮುಚ್ಚಬೇಡಿ. ಸಣ್ಣ ಬೀಜಗಳಲ್ಲಿ ಬಹಳಷ್ಟಕ್ಕೆ ಬೆಳಕು ಬೇಕು. ಹಲಗೆಯೊಂದನ್ನು ಇಟ್ಟು ಅದರ ಮೇಲೆ ನಿಂತು, ಮುಂದೆ ಸರಿಸಿ ಮತ್ತೆ ನಿಂತು, ಇಡೀ ಪಾತಿಯನ್ನು ಒತ್ತಿ. ಬೀಜ ಮಣ್ಣಿಗೆ ಅಂಟಿದರೆ ತೇವ ಹಿಡಿಯುತ್ತದೆ. ಆಮೇಲೆ ಜರಡಿಮೂತಿಯ ಕ್ಯಾನಿನಿಂದ ಹನಿಹನಿಯಾಗಿ ನೀರು. ಪೈಪಿನಿಂದ ನೇರ ಬಿಟ್ಟರೆ ಬೀಜ ತೇಲಿ ತಗ್ಗಿನಲ್ಲಿ ಗುಡ್ಡೆಯಾಗುತ್ತದೆ.

ಮಳೆ ಕೈಕೊಟ್ಟರೆ ಮೊಳಕೆಯೊಡೆಯುವವರೆಗೆ ಮೇಲ್ಮಣ್ಣು ಆರಲು ಬಿಡಬೇಡಿ. ಮೊಳೆತ ಮೇಲೆ ಎರಡು ಮೂರು ದಿನಕ್ಕೊಮ್ಮೆ. ಆರು ವಾರವಾದ ಮೇಲೆ ಗಿಡ ಬಾಡಿ ನಿಂತರೆ ಮಾತ್ರ.

ಮೂರು ವಾರವಾದರೂ ಏನೂ ಮೊಳೆತಿಲ್ಲ. ಏನಾಗಿರಬಹುದು?

ಮೊದಲ ಅನುಮಾನ ಇರುವೆಯ ಮೇಲೆ. ಬಿತ್ತಿದ ಮರುದಿನ ಬೆಳಗ್ಗೆ ಪಾತಿಯಿಂದ ಗೂಡಿನ ಕಡೆಗೆ ಸಾಲು ಹೊರಟಿದ್ದರೆ ಅವು ಹೊತ್ತೊಯ್ಯುತ್ತಿರುವುದು ನಿಮ್ಮ ಬೀಜವನ್ನೇ. ಮದ್ದು ಹಾಕುವುದು ಬೇಡ. ಬಿತ್ತನೆಯನ್ನು ಮೋಡದ ಸಂಜೆಗೆ ಇಟ್ಟುಕೊಂಡು, ಒತ್ತಿ, ಚೆನ್ನಾಗಿ ನೆನೆಸಿ. ತೇವದ ಮಣ್ಣಿಗೆ ಕಚ್ಚಿದ ಬೀಜವನ್ನು ಎತ್ತುವುದು ಕಷ್ಟ. ಹಕ್ಕಿ ಕಾಟವಿದ್ದರೆ ಹತ್ತು ದಿನ ಬಲೆ ಹೊದಿಸಿ.

ಎರಡನೆಯದು ಆಳ. ಬೀಜದ ದಪ್ಪದ ಎರಡು ಮೂರು ಪಟ್ಟಿಗಿಂತ ಕೆಳಗೆ ಹೋದ ಬೀಜಕ್ಕೆ ಮೇಲೇಳುವಷ್ಟು ಕಸುವಿರುವುದಿಲ್ಲ.

ಮೂರನೆಯದು ಮೊಳೆತು ಸತ್ತದ್ದು, ಮತ್ತು ಹೆಚ್ಚು ನಡೆಯುವುದೂ ಇದೇ. ಮೊಳಕೆಯ ಬಿಳಿ ಬೇರು ಹೊರಬಂದ ದಿನವೇ ಮೇಲ್ಮಣ್ಣು ಒಂದು ಮಧ್ಯಾಹ್ನ ಕಾದರೆ ಸಾಕು, ಎಲ್ಲ ಸುಟ್ಟುಹೋಗುತ್ತದೆ. ನಾವು ನೋಡುವಾಗ ಏನೂ ಮೊಳೆಯದಂತೆಯೇ ಕಾಣುತ್ತದೆ.

ನಾಲ್ಕನೆಯದು ಗಟ್ಟಿ ಸಿಪ್ಪೆ. ತಂಗಡಿ, ಕಕ್ಕೆ, ಜಾಲಿಯಂಥ ದ್ವಿದಳ ಬೀಜಗಳೊಳಗೆ ನೀರೇ ಇಳಿಯುವುದಿಲ್ಲ. ಮರಳುಕಾಗದದಲ್ಲಿ ಒಂದು ಬದಿ ಉಜ್ಜಿ. ಇಲ್ಲವೇ ಕುದಿ ಬಂದ ನೀರನ್ನು ಒಲೆಯಿಂದಿಳಿಸಿ ಒಂದೆರಡು ನಿಮಿಷ ಬಿಟ್ಟು, ಬೀಜ ಹಾಕಿ, ಅದೇ ನೀರಲ್ಲಿ ಆರುತ್ತ ರಾತ್ರಿಯೆಲ್ಲ ನೆನೆಯಲಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದಕ್ಕೆ ಇನ್ನೊಮ್ಮೆ ಅದೇ ಉಪಚಾರ. ಚಳಿ ನಾಡಿನ ಬೀಜವಾದರೆ ಒದ್ದೆ ಮರಳಿನೊಂದಿಗೆ ಚೀಲಕ್ಕೆ ಹಾಕಿ ಫ್ರಿಜ್ಜಿನಲ್ಲಿ, ಫ್ರೀಜರ್‌ನಲ್ಲಿ ಅಲ್ಲ, 4ರಿಂದ 8 ವಾರ ಇಡಬೇಕು.

ಯಾವುದು ಕಳೆ, ಯಾವುದು ನಾನು ಬಿತ್ತಿದ್ದು?

ಬಿತ್ತುವ ದಿನವೇ ಒಂದು ತಟ್ಟೆಗೆ ಕಳೆಯಿಲ್ಲದ ಮಣ್ಣು ತುಂಬಿ ಅದೇ ಬೀಜಗಳನ್ನು ಸಾಲುಸಾಲಾಗಿ, ಹೆಸರು ಬರೆದು ಬಿತ್ತಿಡಿ. ತಟ್ಟೆಯ ಸಸಿಯನ್ನು ಪಾತಿಯದಕ್ಕೆ ಹೋಲಿಸಿ ನೋಡಿ ಕೀಳಿ. ಇದಿಲ್ಲದೆ ಕಳೆ ಕೀಳಲು ಕೂತವರು ಮೊದಲು ಕೀಳುವುದು ಸಾಮಾನ್ಯವಾಗಿ ಹೂಗಿಡವನ್ನೇ.

ಬೀಜದುಂಡೆ ಎಸೆಯುವುದು ಒಳ್ಳೆಯದಲ್ಲವೇ?

ತಮಾಷೆಗೆ ಚೆನ್ನ, ಫಲ ಕಡಿಮೆ. ಜೇಡಿಮಣ್ಣಿನ ಒಂದು ಉಂಡೆಯೊಳಗೆ ಇಪ್ಪತ್ತು ಬೀಜ ಮೊಳೆತು ಒಂದನ್ನೊಂದು ಹಿಸುಕುತ್ತವೆ. ಗುದ್ದಲಿ ಆಡಿಸಲಾಗದ ಕಲ್ಲುದಿಣ್ಣೆ, ಇಳಿಜಾರಿಗೆ ಸರಿ. ಅಲ್ಲೂ ಐದು ಪಾಲು ಜೇಡಿಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದು ಉಂಡೆಗೆ ಮೂರೋ ನಾಲ್ಕೋ ಬೀಜ, ಗೋಲಿಯಷ್ಟೇ ಗಾತ್ರ. ಕಾಡು, ಹುಲ್ಲುಗಾವಲಿನೊಳಗೆ ಎಸೆಯಬೇಡಿ. ಅಲ್ಲಿ ಏನು ಬೆಳೆಯಬೇಕೆಂದು ಅದಕ್ಕೆ ಗೊತ್ತಿದೆ.

ಲಂಟಾನದ ತುಂಬ ಜೇನು, ಚಿಟ್ಟೆ ಇರುತ್ತವೆ. ಕಡಿಯಬೇಕೇ?

ತನ್ನ ತವರಲ್ಲದ ನಾಡಿನಲ್ಲಿ ಲಂಟಾನ ಪೊದೆ ಕಟ್ಟಿ ಕೆಳಗಿನ ಹತ್ತಾರು ಜಾತಿ ಗಿಡಗಳನ್ನು ಉಸಿರುಗಟ್ಟಿಸುತ್ತದೆ. ಆದರೂ ಒಂದೇ ದಿನದಲ್ಲಿ ಪೂರ್ತಿ ಕಿತ್ತರೆ ಅದನ್ನೇ ನಂಬಿದ ಕೀಟಗಳು ಹಸಿಯುತ್ತವೆ. ಮೂರನೇ ಒಂದು ಭಾಗ ಬೇರುಸಮೇತ ತೆಗೆದು, ಅಲ್ಲಿ ನಾಟಿ ಪೊದೆ ನೆಟ್ಟು, ಅದು ಹೂಬಿಟ್ಟ ಮೇಲೆ ಮುಂದಿನ ಭಾಗ. ಕಾಂಗ್ರೆಸ್ ಗಿಡಕ್ಕೆ ಈ ದಾಕ್ಷಿಣ್ಯ ಬೇಡ: ಹೂವಾಗುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಿ.

ಹೂವು ಬಂತು, ಜೇನು ಬರಲಿಲ್ಲ. ಏಕೆ?

ನೀವು ನೋಡುವ ಹೊತ್ತು ಸರಿಯಿಲ್ಲದಿರಬಹುದು. ಎಷ್ಟೋ ಹೂಗಳಲ್ಲಿ ಮಕರಂದ, ಪರಾಗ ಬೆಳಗ್ಗೆಯೇ ಖಾಲಿಯಾಗುತ್ತದೆ. ಸಂಜೆ ಆರಕ್ಕೆ ಹೋಗಿ ನಿಂತರೆ ಯಾರೂ ಇರುವುದಿಲ್ಲ. ಇಲ್ಲವೇ ನಿಮ್ಮ ಪಾತಿ ದಟ್ಟ ನೆರಳಲ್ಲಿದೆ. ಇವೆರಡೂ ಅಲ್ಲವಾದರೆ ಸುತ್ತಲ ಕೆಲವು ನೂರು ಮೀಟರ್‌ನಲ್ಲಿ ಗೂಡು ಮಾಡಲು ಜಾಗವೇ ಇಲ್ಲ ಎಂದರ್ಥ.

ಬಂದವರನ್ನು ನೊಣವೆಂದು ತಳ್ಳಿಹಾಕಿರಲೂಬಹುದು. ಜೇನಿಗೆ ನಾಲ್ಕು ರೆಕ್ಕೆ, ಉದ್ದ ಮೀಸೆ. ಹೂನೊಣಕ್ಕೆ ಎರಡೇ ರೆಕ್ಕೆ, ಮೊಟುಕು ಮೀಸೆ, ದೊಡ್ಡ ಕಣ್ಣು. ಇರುವೆಯಷ್ಟೇ ಇರುವ ಕಪ್ಪು ಮುಜಂಟಿಯೂ ಜೇನೇ. ಮೈಯೆಲ್ಲ ಕಪ್ಪಾಗಿ ಮಿರುಗುವ ದಪ್ಪ ದುಂಬಿಯೂ, ಹೊಟ್ಟೆಗೆ ನೀಲಿ ಪಟ್ಟೆ ಕಟ್ಟಿಕೊಂಡು ಗಾಳಿಯಲ್ಲೇ ತೂಗುವುದೂ ಒಂಟಿ ಜೇನುಗಳೇ. ಕೊನೆಯ ಎರಡರ ಕಸುಬು ವಿಶೇಷ. ಟೊಮೆಟೊ, ಬದನೆ ಹೂವಿನ ಪರಾಗಕೋಶಕ್ಕೆ ಇರುವುದು ತುದಿಯಲ್ಲೊಂದು ಸಣ್ಣ ಕಂಡಿ. ಇವು ಹೂವನ್ನು ಅಪ್ಪಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುವನ್ನಷ್ಟೇ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ.

ಗೂಡಿಗೆ ಏನು ಮಾಡಬೇಕು?

ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲದೊಳಗೆ ಗೂಡು ಮಾಡುತ್ತವೆ. ಅವಕ್ಕೆ ಬೇಕಾದದ್ದು ಬಿಸಿಲು ಬೀಳುವ, ನೀರು ನಿಲ್ಲದ, ಬೋಳು ನೆಲ. ಪಾತಿಯ ಪಕ್ಕ ಒಂದು ಚದರ ಮೀಟರ್ ಜಾಗವನ್ನು ಹೊದಿಕೆಯಿಲ್ಲದೆ, ಅಗೆಯದೆ, ತುಳಿಯದೆ ಬಿಡಿ. ಅಂಟುಮಣ್ಣಾದರೆ ಮರಳು ಬೆರೆಸಿ 30 ಸೆಂ.ಮೀ. ದಿಣ್ಣೆ ಮಾಡಿ. ಪೆನ್ಸಿಲ್ ದಪ್ಪದ ತೂತು, ಸುತ್ತ ಹುಡಿಮಣ್ಣಿನ ಬಳೆ ಕಂಡರೆ ಒಕ್ಕಲು ಬಂದಂತೆ. ತಾಯಿ ಹಾರಾಡುವುದು ಕೆಲವೇ ವಾರ. ಎಷ್ಟೋ ಪ್ರಭೇದಗಳಲ್ಲಿ ಮರಿ ವರ್ಷದ ಬಹುಭಾಗ ಒಳಗೇ ಇರುತ್ತದೆ. ಹಾರಾಟ ನಿಂತಿತೆಂದು ಆ ಜಾಗ ಅಗೆದರೆ ಮುಂದಿನ ವರ್ಷದ್ದನ್ನೆಲ್ಲ ಕೊಂದಂತೆ. ತೋಟದ ಪೂರ್ತಿ ದಪ್ಪ ಹೊದಿಕೆ ಹಾಕುವವರು ಇದನ್ನು ನೆನಪಿಡಬೇಕು.

ಉಳಿದವು ಟೊಳ್ಳು ಕಡ್ಡಿ, ಬಿದಿರು, ಒಣಮರದಲ್ಲಿ ಇರುತ್ತವೆ. ಬಿದಿರಿನ ತುಂಡು ಕಟ್ಟಿ ಮಾಡುವ "ಜೇನು ಹೋಟೆಲ್" ಸರಿಯಾಗಿದ್ದರೆ ಉಪಕಾರ, ತಪ್ಪಾದರೆ ರೋಗದ ಮನೆ. ತೂತಿನ ಅಗಲ 3ರಿಂದ 10 ಮಿ.ಮೀ. ಬೆರಕೆ, ಆಳ 15 ಸೆಂ.ಮೀ., ಹಿಂಬದಿ ಗೆಣ್ಣಿನಿಂದ ಮುಚ್ಚಿರಬೇಕು. ಆಳ ಏಕೆಂದರೆ ತಾಯಿ ಹೆಣ್ಣುಮೊಟ್ಟೆಗಳನ್ನು ಒಳಗೆ, ಗಂಡನ್ನು ಬಾಯಿಯ ಹತ್ತಿರ ಇಡುತ್ತಾಳೆ. ಕೊಳವೆ ಗಿಡ್ಡವಾದರೆ ಹೆಚ್ಚಾಗಿ ಗಂಡುಗಳೇ ಹುಟ್ಟುತ್ತವೆ. ಎದೆಯೆತ್ತರದಲ್ಲಿ, ಬೆಳಗಿನ ಬಿಸಿಲಿಗೆ ಮುಖಮಾಡಿ, ಅಲುಗಾಡದಂತೆ ಕಟ್ಟಿ, ಮೇಲೆ ಮಳೆ ತಡೆಯುವ ಸೂರು ಕೊಡಿ. ಪ್ಲಾಸ್ಟಿಕ್ ಕೊಳವೆ ಬೇಡ, ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ನೂರಾರು ತೂತಿನ ದೊಡ್ಡ ಗೂಡಿಗಿಂತ ಹತ್ತು ಹನ್ನೆರಡರ ಚಿಕ್ಕ ಕಟ್ಟುಗಳನ್ನು ದೂರ ದೂರ ಇಟ್ಟರೆ ಹುಳ, ಬೂಸಲು ಹರಡುವುದು ಕಡಿಮೆ. ಮರಿ ಹಾರಿಹೋದ ಕಡ್ಡಿಗಳನ್ನು ಬಿಸಾಡಿ ಹೊಸದು ಹಾಕಿ.

ಗುಲಾಬಿಯ ಎಲೆಯಲ್ಲಿ ಬಿಲ್ಲೆಯಂತೆ ಗುಂಡಗೆ ಕತ್ತರಿಸಿದ ತೂತು ಕಂಡರೆ ಮದ್ದು ಹುಡುಕಬೇಡಿ. ಎಲೆಕತ್ತರಿ ಜೇನು ತನ್ನ ಮರಿಯ ತೊಟ್ಟಿಲಿಗೆ ಒಯ್ದದ್ದು ಅದು, ಗಿಡಕ್ಕೆ ತೊಂದರೆಯಿಲ್ಲ.

ಬೇವಿನೆಣ್ಣೆಯಂಥ ಸಸ್ಯಜನ್ಯ ಔಷಧ ಹೊಡೆಯಬಹುದೇ?

ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ಹೂವಿರುವ ಗಿಡಕ್ಕೆ ಯಾವುದನ್ನೂ ಹೊಡೆಯಬೇಡಿ. ಪಕ್ಕದ ಬೆಳೆಗೆ ತೀರ ಅಗತ್ಯವಾದರೆ ಸೂರ್ಯ ಮುಳುಗಿ ಜೇನು ಗೂಡು ಸೇರಿದ ಮೇಲೆ, ಗಾಳಿಯಿಲ್ಲದಾಗ, ಬೆಳಗಿನೊಳಗೆ ಒಣಗುವಂತೆ. ಹೆಚ್ಚು ಅಪಾಯ ಇಮಿಡಾಕ್ಲೋಪ್ರಿಡ್‌ನಂಥ ನಿಯೋನಿಕೋಟಿನಾಯ್ಡ್ ಬಗೆಯ ಕೀಟನಾಶಕಗಳದು. ಇವು ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದದವರೆಗೂ ಹೋಗುತ್ತವೆ, ತೊಳೆದರೆ ಹೋಗುವುದಿಲ್ಲ. ಐರೋಪ್ಯ ಒಕ್ಕೂಟ 2018ರಲ್ಲಿ ಈ ಬಗೆಯ ಮೂರು ರಾಸಾಯನಿಕಗಳನ್ನು ಬಯಲಿನಲ್ಲಿ ಬಳಸದಂತೆ ತಡೆಯಿತು. ನರ್ಸರಿಯಿಂದ ಸಸಿ ತರುವಾಗ ಏನು ಹೊಡೆದಿದ್ದಾರೆಂದು ಕೇಳಿ. ಉತ್ತರ ಸಿಗದಿದ್ದರೆ ಬೀಜದಿಂದಲೇ ಬೆಳೆಸಿ. ಸಸ್ಯಹೇನಿಗೆ ಬರೀ ನೀರಿನ ರಭಸ ಸಾಕು.

ಮಕ್ಕಳಿಗೆ ಕಚ್ಚುವುದಿಲ್ಲವೇ?

ಹೂವಿನ ಮೇಲಿರುವ ಜೇನು ಜಗಳಕ್ಕೆ ಬರುವುದಿಲ್ಲ. ಒಂಟಿ ಜೇನಿಗೆ ಕಾಯಲು ತುಪ್ಪದ ಕೋಟೆಯಿಲ್ಲ, ಕೈಯಲ್ಲಿ ಹಿಡಿದು ಹಿಸುಕಿದರಷ್ಟೇ ಕುಟುಕುತ್ತದೆ. ಗಂಡುಗಳಿಗೆ ಮುಳ್ಳೇ ಇಲ್ಲ. ಹೆಜ್ಜೇನಿನ ಗೂಡಿನ ಮಾತು ಬೇರೆ, ಅದರ ಹತ್ತಿರ ಸುಳಿಯಬಾರದು. ಜೇನಿನ ಮುಳ್ಳಿಗೆ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಪಾತಿಯನ್ನು ಬಾಗಿಲು, ಕಾಲುದಾರಿಗಳಿಂದ ದೂರ ಇಡಿ.

ಸುಸ್ತಾದ ಜೇನಿಗೆ ಸಕ್ಕರೆ ನೀರು ಕೊಡಬಹುದೇ?

ಒಂದು ಜೇನಿಗೆ ಒಂದು ಹನಿ, ಸರಿ. ಬಟ್ಟಲಲ್ಲಿ ತುಂಬಿ ಇಡಬೇಡಿ: ಜಗಳ, ರೋಗ, ಇರುವೆ ಮೂರೂ ಬರುತ್ತವೆ. ಜೇನುತುಪ್ಪವಂತೂ ಬೇಡವೇ ಬೇಡ, ಅದರಲ್ಲಿ ಬೇರೆ ಗೂಡಿನ ರೋಗಾಣು ಇರಬಹುದು. ನೀರಿಡಿ, ಅಗಲ ತಟ್ಟೆಯಲ್ಲಿ ಉರುಟು ಕಲ್ಲು ತುಂಬಿ, ಕಲ್ಲಿನ ನೆತ್ತಿ ಮುಳುಗದಷ್ಟು, ಎರಡು ದಿನಕ್ಕೊಮ್ಮೆ ಬದಲಿಸಿ.

ಹೂವು ಮುಗಿದ ಮೇಲೆ ಕತ್ತರಿಸಬೇಕೇ?

ಬೀಜ ಬಲಿತು ಉದುರಿದ ಮೇಲೆ, ವರ್ಷಕ್ಕೊಮ್ಮೆ, ಅದೂ ಇಡೀ ಪಾತಿಯನ್ನಲ್ಲ. ಮೂರನೇ ಒಂದು ಭಾಗ ಕತ್ತರಿಸಿ, ಉಳಿದದ್ದನ್ನು ಮುಂದಿನ ಸರದಿಗೆ ಬಿಡಿ. ಟೊಳ್ಳು ಕಾಂಡದ ಗಿಡಗಳನ್ನು 30 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ಆ ಮೋಟುಗಳೇ ಮುಂದಿನ ವರ್ಷ ಗೂಡು. ಕತ್ತರಿಸಿದ್ದನ್ನು ಒಂದು ವಾರ ಅಲ್ಲೇ ಬಿಟ್ಟು, ಬೀಜ ಉದುರಿದ ಮೇಲೆ ಹೊರಗೆ ಸಾಗಿಸಿ. ಅಲ್ಲೇ ಕೊಳೆತರೆ ಮಣ್ಣು ಕೊಬ್ಬಿ ಮತ್ತೆ ಹುಲ್ಲಿನ ರಾಜ್ಯ. ನೆರೆಹೊರೆಯವರು ಪಾಳುಬಿದ್ದ ಜಾಗವೆಂದು ಮೂಗು ಮುರಿಯುತ್ತಿದ್ದರೆ ಅಂಚಿನ ಅರ್ಧ ಮೀಟರ್ ಮಾತ್ರ ಸದಾ ನೀಟಾಗಿ ಕತ್ತರಿಸಿಡಿ. ಬೇಕೆಂದೇ ಬೆಳೆಸಿದ್ದು ಎಂದು ತಾನಾಗಿ ತಿಳಿಯುತ್ತದೆ.

ಬೀಜ ನಾವೇ ಕೂಡಿಡಬಹುದೇ?

ಅದೇ ಒಳ್ಳೆಯದು. ಕಾಯಿ ಕಂದು ತಿರುಗಿ, ಅಲ್ಲಾಡಿಸಿದರೆ ಸದ್ದಾಗುವಾಗ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಬಯಲಿನಿಂದ ತರುವುದಾದರೆ ಒಂದು ಜಾಗದ ಬೀಜದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ, ಹಲವು ಗಿಡಗಳಿಂದ ಚೂರುಚೂರು. ಅಪರೂಪದ ಗಿಡವಾದರೆ ಕೈಹಾಕಬೇಡಿ. ಸಂರಕ್ಷಿತ ಪ್ರದೇಶದಿಂದ ಅನುಮತಿಯಿಲ್ಲದೆ ತರುವಂತಿಲ್ಲ. ನೆರಳಲ್ಲಿ ಎರಡು ವಾರ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಹೆಸರು, ತಿಂಗಳು, ಜಾಗ ಬರೆದು, ತಂಪಾದ ಕತ್ತಲೆಯಲ್ಲಿಡಿ. ಸರಿಯಾಗಿ ಒಣಗದ ಬೀಜವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ತಿಂಗಳೊಳಗೆ ಬೂಸಲು.

ಪ್ರಯೋಜನವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಎಣಿಸಿ. ಒಂದು ಚದರ ಮೀಟರ್ ಹೂವಿನ ಮುಂದೆ, ಬಿಸಿಲಿರುವ ಬೆಳಗ್ಗೆ, 10 ನಿಮಿಷ ಕೂತು ಬಂದ ಜೇನುಗಳನ್ನು ಬಗೆಬಗೆಯಾಗಿ ಬರೆದಿಡಿ: ಎರಿ ಕಟ್ಟುವವು, ಮುಜಂಟಿ, ದಪ್ಪ ದುಂಬಿ, ಉಳಿದ ಒಂಟಿ ಜೇನು. ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಬಹುವಾರ್ಷಿಕ ಗಿಡಗಳು ಮೊದಲ ವರ್ಷ ಹೆಚ್ಚಾಗಿ ಬೇರು ಬಿಡುವುದರಲ್ಲೇ ಇರುತ್ತವೆ, ಆ ವರ್ಷದ ಲೆಕ್ಕ ನೋಡಿ ಪಾತಿ ಅಗೆದುಬಿಡಬೇಡಿ. ಎರಡನೇ, ಮೂರನೇ ವರ್ಷ ನೋಡಬೇಕಾದದ್ದು ಒಟ್ಟು ಸಂಖ್ಯೆಗಿಂತ ಬಗೆಗಳನ್ನು. ಪೆಟ್ಟಿಗೆಯ ಜೇನೇ ನೂರು ಬಂದು ಬೇರೆ ಯಾವುದೂ ಸುಳಿಯದಿದ್ದರೆ ಹೂವಿನ ಪಟ್ಟಿಯನ್ನೂ ಬೋಳು ನೆಲದ ತುಂಡನ್ನೂ ಮತ್ತೊಮ್ಮೆ ಪರಿಶೀಲಿಸಿ.